ಈ ಕಾನೂನಿನಲ್ಲಿ ತಂಗಿ ಇಲ್ಲ

ಅಮೆರಿಕದ ಒಂದು ರಾಜ್ಯದ ಶಾಸನ ಸಮಿತಿ, ಬಂದೂಕು ಮಸೂದೆಯ ಬಗ್ಗೆ ಮಾತಾಡಲು ಗುಂಡೇಟಿಗೆ ಸತ್ತವರ ಮನೆಯವರಿಗೆ ತಲಾ ಎರಡು ನಿಮಿಷ ಕೊಟ್ಟಿತ್ತು. ಅಲ್ಲಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಒಬ್ಬ ಸಿಕ್ಕಸಿಕ್ಕವರ ಮೇಲೆ ಗುಂಡು ಹಾರಿಸಿದಾಗ ಸತ್ತವರಲ್ಲಿ, ದುಬೈಯ ಊದ್ ಮೇಥಾದ ನಮ್ಮ ಎದುರು ಫ್ಲ್ಯಾಟಿನಾಕೆಯ ತಂಗಿಯೂ ಇದ್ದಳು. ನರ್ಸು, ಡ್ಯೂಟಿ ಮುಗಿಸಿ ಹಾಲು ತರಲು ಹೋಗಿದ್ದಳು. ಅಕ್ಕ ಇಲ್ಲಿ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿದ್ದರು. ವಿಡಿಯೊ ಮೂಲಕ ಮಾತಾಡಬಹುದೆಂದು ಅವರಿಗೂ ಮೇಲ್ ಬಂದಿತ್ತು.

ನಾನು ಪತ್ರಿಕೆಯ ಡೆಸ್ಕಿನಲ್ಲಿರುವುದರಿಂದ ಬರೆದದ್ದನ್ನು ಹಿಡಿದುಕೊಂಡು ನನ್ನಲ್ಲಿಗೇ ಬಂದರು.

“ನಿಮ್ಮದು ಕತ್ತರಿಸುವ ಕೆಲಸವೇ ಅಲ್ವಾ ಮಾರಾಯ್ರೆ. ಎರಡು ನಿಮಿಷಕ್ಕೆ ಮಾಡಿ ಕೊಡಿ. ಕೊನೆಯ ಸಾಲು ಮಾತ್ರ ಮುಟ್ಬೇಡಿ.”

ಕೊನೆಯ ಸಾಲು: ಈ ಕಾನೂನು ಮೊದಲೇ ಇದ್ದಿದ್ದರೆ ನನ್ನ ತಂಗಿ ಬದುಕುತ್ತಿದ್ದಳು.

ಅಭ್ಯಾಸದಂತೆ ಮಸೂದೆಯನ್ನೂ ಅಲ್ಲಿಯ ಪೊಲೀಸರ ಹೇಳಿಕೆಯನ್ನೂ ತೆರೆದು ಓದಿದೆ. ಅಂಗಡಿಯಲ್ಲಿ ಬಂದೂಕು ಕೊಂಡವನು ಅದು ಕೈಗೆ ಸಿಗಲು ಕೆಲವು ದಿನ ಕಾಯಬೇಕು ಎನ್ನುತ್ತಿತ್ತು ಮಸೂದೆ. ಕೊಂದವನು ಬಂದೂಕು ಕೊಂಡಿರಲಿಲ್ಲ. ಬೀಗವಿಲ್ಲದ ಕಪಾಟಿನಿಂದ ಅಪ್ಪನದನ್ನು ಎತ್ತಿಕೊಂಡಿದ್ದ.

ಅದನ್ನು ಹೇಳಿದೆ. ಅವರು ಮಸೂದೆಯತ್ತ ಬೆರಳು ತೋರಿಸಿದರು.

“ಬೀಗದ್ದು ಇದರಲ್ಲಿ ಎಂತದೂ ಇಲ್ವಾ?”

“ಇಲ್ಲ.”

“ಹಾಗಾದ್ರೆ ಇದರಲ್ಲಿ ನನ್ನ ತಂಗಿಯೇ ಇಲ್ಲ.”

ಜೊತೆಗೆ ಬಂದಿದ್ದ ಮಗಳು ಫೋನಿನಿಂದ ತಲೆ ಎತ್ತಿದಳು. “ಮಮ್ಮಿ, ಜಸ್ಟ್ ಸೇ ಇಟ್. ಹೂ ವಿಲ್ ಚೆಕ್?”

“ಇವರು ಚೆಕ್ ಮಾಡಿ ಆಯ್ತಲ್ಲ ಮಗಾ. ಖಲಾಸ್.”

ಸಿಟ್ಟಿನ ಭರದಲ್ಲಿ ಕೊಳ್ಳಲು ಹೋದವನನ್ನು ಈ ಕಾನೂನು ತಡೆಯಬಹುದು, ಅದರಿಂದ ಬೇರೆ ಯಾರಾದರೂ ಉಳಿಯಬಹುದು ಎಂದೆ. ಅವರು ಪೆನ್ ಕೇಳಿ, ಆ ಸಾಲನ್ನು ತಾವೇ ಹೊಡೆದುಹಾಕಿ, ಕೆಳಗೆ ಬರೆದರು: ಈ ಕಾನೂನು ನನ್ನ ತಂಗಿಯನ್ನು ಉಳಿಸುತ್ತಿರಲಿಲ್ಲ. ಆದರೂ ಜಾರಿಗೆ ತನ್ನಿ, ಬೇರೆ ಯಾರದೋ ತಂಗಿ ಉಳಿಯಲಿ. ಮನೆಯ ಬಂದೂಕಿಗೂ ಬೀಗ ಕಡ್ಡಾಯ ಮಾಡಿ.

ಅಲ್ಲಿಯ ಬೆಳಿಗ್ಗೆ ನಮಗೆ ಸಂಜೆ. ಲ್ಯಾಪ್‌ಟಾಪಿನ ಮುಂದೆ ಕೂತು, ಇಂಗ್ಲಿಷಿನಲ್ಲಿ, ತಡವರಿಸದೆ ಓದಿದರು. ಮಸೂದೆಗೆ ವಿರೋಧವಾಗಿದ್ದ ಸದಸ್ಯರೊಬ್ಬರು ಮೊದಲು ಸಂತಾಪ ಹೇಳಿದರು. ಆಮೇಲೆ, “ಈ ಕಾನೂನು ತಂಗಿಯನ್ನು ಉಳಿಸುತ್ತಿರಲಿಲ್ಲ ಎಂದು ಈಕೆಯೇ ಹೇಳಿದ್ದಾರೆ. ದಾಖಲಾಗಲಿ,” ಎಂದು ಅಲ್ಲಿಗೇ ನಿಲ್ಲಿಸಿದರು.

“ಮತ್ತಿನದ್ದು? ಹಲೋ, ಮತ್ತಿನದ್ದು ಓದಿ!” ಎಂದು ಇವರು ಪರದೆಗೆ ಬಾಗಿ ಕೂಗಿದರು.

ಮೈಕನ್ನು ಆಚೆಯಿಂದ ಆಗಲೇ ಬಂದ್ ಮಾಡಿದ್ದರು. ಅಧ್ಯಕ್ಷರು ಮುಂದಿನ ಹೆಸರು ಕರೆದರು. ಮಗಳು ಬಂದು ಅಮ್ಮನ ಭುಜ ಹಿಡಿದುಕೊಂಡಳು.

ಮಸೂದೆ ಸಮಿತಿಯಲ್ಲೇ ಬಿದ್ದುಹೋಯಿತು. ಸುದ್ದಿ ನನ್ನ ಡೆಸ್ಕಿಗೂ ಬಂತು. ಅದರಲ್ಲಿ ಅವರ ಮಾತಿತ್ತು, ‘ಉಳಿಸುತ್ತಿರಲಿಲ್ಲ’ ಎಂಬ ವಾಕ್ಯ ಮಾತ್ರ. ಉಳಿದದ್ದನ್ನು ಸೇರಿಸಿ ಪುಟಕ್ಕೆ ಕಳಿಸಿದೆ. ಮರುದಿನ ಲಿಫ್ಟಿನಲ್ಲಿ ಸಿಕ್ಕಾಗ ಅವರ ಕೈಯಲ್ಲಿ ಪತ್ರಿಕೆಯಿತ್ತು.

“ಪೂರ್ತಿ ಹಾಕಿದ್ದೀರಿ. ಇದನ್ನು ಅಲ್ಲಿ ಅವರು ಓದ್ತಾರಾ?”

“ಇಲ್ಲ,” ಎಂದೆ.