ಕೆನ್ನೆಯ ಮೇಲೆ ಬರೆದ ಅಕ್ಷರ

ವಿದ್ಯಾನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ಬಹಳ ವರ್ಷಗಳಿಂದ ಅಲ್ಲಿ ಹೆಚ್ಚಾಗಿ ಮಕ್ಕಳ ಫೋಟೊಗಳನ್ನೇ ತೆಗೆಯುತ್ತಿದ್ದೇನೆ. ಚೆನ್ನಾಗಿ ಬಂದದ್ದನ್ನು ಸ್ಟುಡಿಯೋದ ಫೇಸ್‌ಬುಕ್ ಪೇಜಿಗೆ ಹಾಕುವುದು ರೂಢಿ. ಬೇರೆ ಸ್ಟುಡಿಯೋದವರು ಹಾಗೆ ಹಾಕುವಾಗ ಚಿತ್ರದ ಮೇಲೆ ತಮ್ಮ ಹೆಸರನ್ನು ತೆಳ್ಳಗೆ ಮೂಡಿಸುತ್ತಿದ್ದರು. ವಾಟರ್‌ಮಾರ್ಕ್ ಅನ್ನುತ್ತಾರಲ್ಲ, ಅದು. ನನಗೆ ಅದು ಸ್ಟೀಲ್ ತಟ್ಟೆಗೆ ಹೆಸರು ಕೊರೆಸಿದ ಹಾಗೆ ಕಾಣುತ್ತಿತ್ತು. ಯಾರದೋ ಮಗುವಿನ ಮೇಲೆ ನನ್ನ ಹೆಸರೇಕೆ ಎಂದು ಬಿಟ್ಟಿದ್ದೆ. ಕದ್ದರೂ ಏನು ಕದ್ದಾರು, ಒಂದು ಫೋಟೊ ತಾನೆ ಎಂದುಕೊಂಡಿದ್ದೆ.

ಆ ಮಗುವನ್ನು ಹರಿಹರದಿಂದ ಕರೆದುಕೊಂಡು ಬಂದಿದ್ದರು. ತಂದೆಗೆ ಅಲ್ಲಿನ ಪೇಟೆಯಲ್ಲಿ ಟೈಲರ್ ಅಂಗಡಿ. ತಾಯಿ ಕಡರನಾಯಕನಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಎರಡು ವರ್ಷದ ಹೆಣ್ಣುಮಗು. ತಂದೆಯೇ ಹೊಲಿದ ಹಳದಿ ಫ್ರಾಕು ತೊಡಿಸಿದ್ದರು. ಬೆಳೆಯುವ ಮಗು ಎಂದು ಅಳತೆ ದೊಡ್ಡದಿಟ್ಟಿದ್ದ, ಹಾಗಾಗಿ ಒಂದು ಭುಜ ಜಾರುತ್ತಲೇ ಇತ್ತು. ನಾನಿಟ್ಟ ಗೊಂಬೆ, ಬಲೂನು ಯಾವುದನ್ನೂ ಮಗು ಮುಟ್ಟಲಿಲ್ಲ. ಕ್ಯಾಮೆರಾದ ಮುಚ್ಚಳಕ್ಕೆ ಕೈಚಾಚಿತು. ಕೊಟ್ಟೆ. ಕಚ್ಚಿ ನೋಡಿ, ರುಚಿ ಹಿಡಿಸದೆ, ನನ್ನನ್ನು ದೂರುವಂತೆ ದಿಟ್ಟಿಸಿತು. ಆ ನೋಟವನ್ನೇ ಹಿಡಿದೆ. ನಾನು ತೆಗೆದ ಚಿತ್ರಗಳಲ್ಲೆಲ್ಲ ಅದೇ ಒಳ್ಳೆಯದು.

"ಪೇಜಿಗೆ ಹಾಕ್ಲೇನ್ರಿ?" ಎಂದು ಕೇಳಿದೆ.

"ಹಾಕ್ರಿ, ಅದಕ್ಕೇನು. ನಾಕು ಮಂದಿ ನೋಡ್ಲಿ," ಎಂದಳು ತಾಯಿ.

ಮುಂದಿನ ಮಳೆಗಾಲದಲ್ಲಿ ಮಗು ಡೆಂಗಿ ಜ್ವರದಿಂದ ತೀರಿಕೊಂಡಿತು. ವಿಷಯ ತಿಳಿದು ಹರಿಹರಕ್ಕೆ ಹೋಗಿ ಅವರ ಮನೆಯಲ್ಲಿ ಸ್ವಲ್ಪ ಹೊತ್ತು ಕೂತು ಬಂದೆ. ಪೇಜಿನಲ್ಲಿ ಚಿತ್ರ ಇನ್ನೂ ಇದೆ ಎಂಬುದು ಬಸ್ಸಿನಲ್ಲಿ ನೆನಪಾಯಿತು. ತೆಗೆಯಲು ಕೈ ಬರಲಿಲ್ಲ. ಮಗುವನ್ನು ಇನ್ನೊಂದು ಸಲ ಕಳಿಸಿಕೊಟ್ಟ ಹಾಗಾಗುತ್ತದೆ ಅನ್ನಿಸಿತು.

ನಾಲ್ಕು ತಿಂಗಳಾದ ಮೇಲೆ ಮಗುವಿನ ತಾಯಿಯ ಫೋನು ಬಂತು. ಅಂಗನವಾಡಿಯಿಂದಲೇ ಮಾಡಿದ್ದಿರಬೇಕು, ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು.

"ಮೇಡಂ, ನಿಮ್ಮ ವಾಟ್ಸಾಪಿಗೆ ಒಂದು ಕಳ್ಸೀನಿ. ನೋಡ್ರಿ."

ಅದೇ ಚಿತ್ರ. ಕೆಳಗೆ ಬೇರೆ ಹೆಸರು, ಬೇರೆ ಊರು. ಮಗುವಿನ ಹೃದಯದಲ್ಲಿ ರಂಧ್ರವಿದೆ, ಆಪರೇಷನ್‌ಗೆ ಕೈಲಾದಷ್ಟು ಸಹಾಯ ಮಾಡಿ, ಹತ್ತು ಜನರಿಗೆ ಕಳಿಸಿ ಎಂದು ಬರೆದು ಒಂದು ಫೋನ್ ನಂಬರ್ ಕೊಟ್ಟಿದ್ದರು.

"ಇದು ನಿಮಗೆ ಯಾರು ಕಳಿಸಿದ್ರು?"

"ನಮ್ಮ ಅಂಗನವಾಡಿ ಹುಡುಗನೊಬ್ಬನ ತಾಯಿ. ಟೀಚರ್, ಇದು ನಿಮ್ಮ ಪಾಪು ಅಲ್ಲೇನ್ರಿ, ಹಂಗಾರೆ ಬದುಕೈತೇನ್ರಿ ಅಂತ ಕೇಳಿದ್ಲು." ದನಿ ತಗ್ಗಿಸಿ ಹೇಳಿದಳು, "ಒಂದು ಗಳಿಗೆ ನನಗೂ ಹಂಗೇ ಅನ್ನಿಸಿಬಿಡ್ತು ನೋಡ್ರಿ."

ಅವತ್ತೇ ಪೇಜಿನಿಂದ ಚಿತ್ರ ತೆಗೆದೆ. ತೆಗೆದು ಏನು ಪ್ರಯೋಜನ, ಅದು ಆಗಲೇ ನೂರು ಕೈ ದಾಟಿತ್ತು. ದೂರು ಕೊಡಲು ನಾವು ಮೂವರೂ ಪೊಲೀಸರ ಬಳಿ ಹೋದೆವು. ಬರೆದುಕೊಳ್ಳುತ್ತಿದ್ದವರು ನನ್ನನ್ನು ಕೇಳಿದರು, "ನೀವು ತೆಗೆದಿದ್ದು ಅನ್ನಾಕೆ ಫೋಟೊ ಮೇಲೆ ಏನಾರ ಗುರುತು ಐತೇನ್ರಿ?"

ಇಲ್ಲ ಎಂದೆ. ಅವರು ಮತ್ತೇನೂ ಕೇಳದೆ ಬರೆದುಕೊಂಡರು. ಪಕ್ಕದಲ್ಲಿ ಕೂತಿದ್ದ ಮಗುವಿನ ತಂದೆ ನನ್ನ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಫೋನ್ ನಂಬರ್ ಸ್ವಿಚ್ ಆಫ್ ಆಯಿತು. ವಾರದಲ್ಲಿ ಅದೇ ಚಿತ್ರ ಇನ್ನೊಂದು ನಂಬರ್ ಹೊತ್ತು ಬಂತು. ಅಷ್ಟರಲ್ಲಿ ಹರಿಹರದಲ್ಲಿ ಬೇರೆ ಮಾತೇ ಹುಟ್ಟಿತು. ಬ್ಲೌಸ್ ಕೊಡಲು ಬಂದಿದ್ದ ಗಿರಾಕಿಯೊಬ್ಬಳು ಅಂಗಡಿಯಲ್ಲಿ ನಾಲ್ಕು ಜನರೆದುರು ಕೇಳಿದಳಂತೆ, "ತೀರಿಕೊಂಡ ಮಗಳ ಹೆಸರಾಗೆ ದುಡ್ಡು ಎತ್ತಾಕತ್ತೀರಂತೆ, ಹೌದೇನ್ರಿ?" ಆತ ಮಷಿನ್ ನಿಲ್ಲಿಸಿ, ಶಟರ್ ಎಳೆದು ಮನೆಗೆ ಹೋದ. ಒಂದು ವಾರ ಅಂಗಡಿ ತೆರೆಯಲಿಲ್ಲ.

ಆ ವಾರದ ಕೊನೆಗೆ ಒಂದು ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ನನ್ನ ಸ್ಟುಡಿಯೋಕ್ಕೆ ಬಂದರು.

"ಆ ಫೋಟೊದ ಮೇಲೆ ಬರೆದು ನೀವೇ ಹಾಕ್ರಿ ಮೇಡಂ," ಎಂದ ಆತ. "ಈ ಮಗು ಈಗಿಲ್ಲ, ಇದರ ಹೆಸರಿನಲ್ಲಿ ಯಾರೂ ಹಣ ಕಳಿಸಬೇಡಿ ಅಂತ. ಎಲ್ಲಾರಿಗೂ ಅದನ್ನೇ ಕಳಿಸ್ತೀವಿ."

"ಮುಖದ ಮೇಲೆ ಮಾತ್ರ ಬ್ಯಾಡ್ರಿ," ಎಂದಳು ಆಕೆ.

ಕಂಪ್ಯೂಟರಿನಲ್ಲಿ ಚಿತ್ರ ತೆರೆದೆ. ಇಬ್ಬರೂ ನನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತರು. ಮೊದಲು ಕೆಳಗಿನ ಮೂಲೆಯಲ್ಲಿ ಬರೆದೆ. ಕಳ್ಳರು ಏನು ಮಾಡುತ್ತಾರೆಂದು ತೋರಿಸಲೇಬೇಕಾಯಿತು. ಅಂಚು ಕತ್ತರಿಸಿದೆ. ಬರಹ ಹೋಯಿತು, ಮಗು ಉಳಿಯಿತು. ಆಮೇಲೆ ಹಳದಿ ಫ್ರಾಕಿನ ಮೇಲೆ ಬರೆದೆ. ಗದ್ದದ ಕೆಳಗೆ ಕತ್ತರಿಸಿದರೆ ಅದೂ ಹೋಗುತ್ತಿತ್ತು.

"ಹಂಗಾರೆ ಎಲ್ಲಿ ಬರೀಬೇಕು?" ಎಂದು ಆಕೆ ಕೇಳಿದಳು.

ನಾನು ಮೌಸನ್ನು ಮುಖದ ಹತ್ತಿರ ತಂದು ನಿಲ್ಲಿಸಿದೆ. ಆಕೆಯೇ ಎದ್ದು ಬಂದು ಪರದೆಯ ಮೇಲೆ, ಮಗುವಿನ ಕೆನ್ನೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ಬರೀರಿ. ಕಣ್ಣೊಂದು ಬಿಟ್ಟು ಬರೀರಿ."

ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಯವರೆಗೆ, ಮೂಗು ತುಟಿಗಳ ಮೇಲೆ ಹಾಯಿಸಿ ಬರೆದೆ. ಆದಷ್ಟು ತೆಳ್ಳಗೆ ಮಾಡಿದೆ. "ಇಷ್ಟು ತೆಳುವಾದ್ರೆ ಅಳಿಸ್ತಾರೆ, ಇನ್ನೂ ದಪ್ಪ ಮಾಡ್ರಿ," ಎಂದ ಆತ. ದಪ್ಪ ಮಾಡಿದೆ. "ಇನ್ನೂ," ಎಂದ. ಪ್ರತಿ ಸಲವೂ ಮುಖ ಒಂದಿಷ್ಟು ಹಿಂದೆ ಸರಿಯುತ್ತಿತ್ತು. ಆಕೆ ಕಿಟಕಿಯ ಆಚೆ, ಹಾಸ್ಟೆಲ್ ಹುಡುಗಿಯರು ಕಾಲೇಜಿಗೆ ಹೋಗುವುದನ್ನು ನೋಡುತ್ತ ನಿಂತಿದ್ದಳು.

"ಎಲ್ಲಾರ ಮಕ್ಕಳಿಗೂ ಅಕ್ಷರ ತಿದ್ದಿಸ್ತೀನಿ," ಎಂದಳು ಅಲ್ಲಿಂದಲೇ. "ಇದಕ್ಕೊಂದು ಕಲಿಸ್ಲಿಲ್ಲ ನಾನು."

ಆತ ಮೂಗು ಒರೆಸಿಕೊಂಡು, "ಸಾಕು ಬಿಡ್ರಿ, ಇದು ಅಳ್ಸಾಕೆ ಬರಂಗಿಲ್ಲ," ಎಂದ.

ಆ ಚಿತ್ರವನ್ನು ನಾನು ಪೇಜಿಗೆ ಹಾಕಿದೆ. ಅಂಗನವಾಡಿ ಮಕ್ಕಳ ತಾಯಂದಿರು ಊರೂರಿಗೆ ಕಳಿಸಿದರು. ಹರಿಹರದ ಮಾತು ಮೆಲ್ಲಗೆ ನಿಂತಿತು. ಅಂಗಡಿಯಲ್ಲಿ ಕೇಳಿದ್ದ ಹೆಂಗಸೂ ಒಂದು ದಿನ ಬಟ್ಟೆ ತಂದು, ಹಳೆಯದನ್ನೇನೂ ಎತ್ತದೆ ಅಳತೆ ಕೊಟ್ಟು ಹೋದಳಂತೆ. ಮೋಸ ಮಾಡಿದವರು ಸಿಗಲಿಲ್ಲ. ಹೋದ ವರ್ಷ ಶಾಮನೂರಿನ ನನ್ನ ಚಿಕ್ಕಮ್ಮ ಹಿಂದಿಯಲ್ಲಿದ್ದ ಒಂದು ಸಂದೇಶ ಕಳಿಸಿ, "ಪಾಪ ನೋಡೇ, ಏನಾರ ಕಳ್ಸಾಕೆ ಆಗ್ತೈತಾ?" ಎಂದು ಕೇಳಿದರು. ಮತ್ತೆ ಅದೇ ದೂರುವ ಕಣ್ಣು. ಅಕ್ಷರವಿದ್ದ ಚಿತ್ರವನ್ನು ಅವರಿಗೆ ತಿರುಗಿಸಿ ಕಳಿಸಿದೆ.

ಈಗ ನಾನು ಯಾವ ಮಗುವಿನ ಚಿತ್ರ ಹಾಕಿದರೂ ಕತ್ತರಿಸಲಾಗದ ಜಾಗದಲ್ಲೇ ಹೆಸರು ಬರೆಯುತ್ತೇನೆ. "ಮುಖದ ಮೇಲೆ ಯಾಕ್ರಿ ಮೇಡಂ, ಛಂದ ಕಾಣಲ್ಲ," ಎಂದು ತಂದೆತಾಯಿ ಬೇಸರಪಡುತ್ತಾರೆ. ಹಾಗಿದ್ದರೆ ಹಾಕುವುದೇ ಬೇಡ ಎನ್ನುತ್ತೇನೆ. ಕಾರಣ ಹೇಳಿದ್ದಿಲ್ಲ.

ಮಗುವಿನ ಮೊದಲ ವರ್ಷದ ತಿಥಿಗೆ ಮುಂಚೆ ತಾಯಿ ಒಬ್ಬಳೇ ಬಂದಿದ್ದಳು. ಅಕ್ಷರವಿಲ್ಲದ ಚಿತ್ರದ ಒಂದು ಪ್ರಿಂಟ್ ಬೇಕೆಂದಳು. ಹಾಕಿಕೊಟ್ಟೆ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, "ಇನ್ನು ನಿಮ್ಮ ಕಂಪ್ಯೂಟರಿನಾಗೆ ಇರೋದನ್ನ ತೆಗೆದುಬಿಡ್ರಿ," ಎಂದಳು. "ನಿಮ್ಮ ಮೇಲೆ ಸಿಟ್ಟಿಲ್ಲ ನನಗೆ. ಅಕ್ಷರ ಇಲ್ಲದ್ದು ಎಲ್ಲೂ ಇರೋದು ಬ್ಯಾಡ ಅಷ್ಟೆ."

ಆಕೆಯ ಕಣ್ಣೆದುರೇ ಅಳಿಸಿದೆ. ಇನ್ನೊಂದು ಡಿಸ್ಕಿನಲ್ಲಿದ್ದದ್ದನ್ನೂ ತೋರಿಸಿ ಅಳಿಸಿದೆ. ಈಗ ನನ್ನಲ್ಲಿರುವುದು ಬರಹವಿರುವ ಚಿತ್ರ ಮಾತ್ರ. ಮೊನ್ನೆ ಅದನ್ನು ತೆರೆದು ಬಹಳ ಹೊತ್ತು ನೋಡಿದೆ. ಅಕ್ಷರಗಳ ಕೆಳಗೆ ಆ ಕೆನ್ನೆಯಲ್ಲಿ ಗುಳಿ ಬಿದ್ದಿತ್ತೋ ಇಲ್ಲವೋ, ನೆನಪಾಗಲಿಲ್ಲ. ಅದನ್ನು ಕೇಳಲು ಹರಿಹರಕ್ಕೆ ಫೋನು ಮಾಡುವ ಧೈರ್ಯ ನನಗಿಲ್ಲ.