ಎರಡನೇ ಕೀ

ಕೀ ಮಾಡಿಸಲು ಬಂದವರನ್ನು ಮೂರು ಪ್ರಶ್ನೆ ಕೇಳದೆ ಅವನು ಯಂತ್ರದ ಸ್ವಿಚ್ ಒತ್ತಿದವನೇ ಅಲ್ಲ. ಬೀಗ ಯಾರದು, ನಿಮಗೂ ಅದಕ್ಕೂ ಏನು ಸಂಬಂಧ, ಎರಡನೇ ಕೀ ಯಾಕೆ ಬೇಕು. ಕೇಳುವಾಗ ಗಿರಾಕಿಯ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ಸುಳ್ಳು ಹೇಳುವವರ ಬೆರಳು ಸುಮ್ಮನಿರುವುದಿಲ್ಲ ಎಂಬುದು ಅವನು ತಾನೇ ಕಂಡುಕೊಂಡ ಸತ್ಯ. ಬೀದಿಯವರು ಅವನಿಗೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದರು. ಅವನಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಸೋಪಿನಲ್ಲಿ ಅಚ್ಚೊತ್ತಿದ ಕೀ ತಂದವರನ್ನಂತೂ ಮೆಟ್ಟಿಲು ಹತ್ತಲೂ ಬಿಡುತ್ತಿರಲಿಲ್ಲ. ಸ್ವಂತ ಬೀಗವಾದರೆ ಕೀಯನ್ನೇ ತರಬಹುದಲ್ಲ, ಸೋಪು ಯಾಕೆ? ಈ ಅನುಮಾನವೇ ತನ್ನ ಬಂಡವಾಳ ಎಂದು ಅವನು ನಂಬಿದ್ದ. ನಂಬಿಕೆ ಪೂರಾ ಸುಳ್ಳೂ ಅಲ್ಲ. ಅವನ ಅಂಗಡಿಯಿಂದ ಹೋದ ಕೀಯಿಂದ ಒಂದು ಕಳ್ಳತನವೂ ಆಗಿರಲಿಲ್ಲ, ಅವನ ಕೀ ಮೊದಲ ಸಲಕ್ಕೇ ತಿರುಗುತ್ತದೆ ಎಂದು ಇಡೀ ಮಾರ್ಕೆಟ್ ಹೇಳುತ್ತಿತ್ತು. ಆದರೆ ಊರಿಗೆಲ್ಲ ಎರಡನೇ ಕೀ ಮಾಡಿಕೊಟ್ಟವನ ಸ್ವಂತ ಅಂಗಡಿಗೆ ಇದ್ದದ್ದು ಒಂದೇ ಕೀ. ಅದು ಅವನ ಸೊಂಟದ ದಾರದಲ್ಲೇ ಇರುತ್ತಿತ್ತು, ಸ್ನಾನ ಮಾಡುವಾಗಲೂ. ಹೆಂಡತಿ ಕೇಳಿದರೆ, "ಎರಡನೇ ಕೀ ಅಂದ್ರೆ ಎರಡನೇ ಯಜಮಾನ ಕಣೇ," ಎಂದು ಬಾಯಿ ಮುಚ್ಚಿಸುತ್ತಿದ್ದ. ಇಪ್ಪತ್ತೆರಡು ವರ್ಷ ಇಂಥವನ ಜೊತೆ ಸಂಸಾರ ಮಾಡುವುದು ಹುಡುಗಾಟವಲ್ಲ.

ಆ ವಾರ ಒಂದು ದೊಡ್ಡ ಕೆಲಸ ಕೈಗೆ ಬರುವಂತಿತ್ತು. ಹೊಸದಾಗಿ ಕಟ್ಟಿದ ಹಾಸ್ಟೆಲಿನ ಮುನ್ನೂರು ಕೋಣೆಗಳ ಬೀಗದ ಉಸ್ತುವಾರಿ, ವರ್ಷಪೂರ್ತಿ. ಹಾಸ್ಟೆಲಿನ ಮೇಲ್ವಿಚಾರಕಿ ಶನಿವಾರ ಬಂದು ಅಂಗಡಿಯನ್ನು ಒಂದು ಸುತ್ತು ನೋಡಿ ಕೇಳಿದಳು. "ಹುಡುಗೀರು ದಿನಾ ಕೀ ಕಳ್ಕೋತಾರೆ. ನೀವು ಒಂದು ದಿನ ಮಲಗಿಬಿಟ್ರೆ ಅಂಗಡಿ ಯಾರು ತೆಗೀತಾರೆ?"

"ನಾನು ಮಲಗಲ್ಲ ಮೇಡಂ."

"ನಿಮಗೆ ಕೆಲಸ ಬರುತ್ತೆ. ವ್ಯಾಪಾರ ಬರುತ್ತೋ ಇಲ್ವೋ ನೋಡಬೇಕು. ಗುರುವಾರ ಹತ್ತು ಗಂಟೆಗೆ ಬರ್ತೀನಿ, ಆವತ್ತೇ ಹೇಳಿಬಿಡ್ತೀನಿ."

ಈ ಮಾತು ಅವನ ಮೈ ಉರಿಸಿತು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದನ್ನೇ ಗೊಣಗುತ್ತಿದ್ದ. ಊಟಕ್ಕೆ ಹೆಂಡತಿಯ ತಮ್ಮನೂ ಬಂದಿದ್ದ. "ಭಾವ, ಆ ಮಿಷನ್‌ಗೆ ಈಗ ಎಷ್ಟು ಬೆಲೆ?" ಎಂದು ಸುಮ್ಮನೆ ಮಾತಿಗೆ ಕೇಳಿದ. ಭಾಮೈದ ಸುಮ್ಮನೆ ಕೇಳಿದ್ದೇ ಇವನಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಲಸವಿಲ್ಲದ ಹುಡುಗನಿಗೆ ಯಂತ್ರದ ಬೆಲೆ ಯಾಕೆ? ಹಾಗೇ ಯೋಚಿಸುತ್ತಾ ಚಾಪೆಯ ಮೇಲೆ ನಿದ್ದೆ ಹೋದ.

ಮಂಗಳವಾರ ಅಂಗಡಿಗೆ ಗುರುತಿಲ್ಲದ ಹೆಂಗಸೊಬ್ಬಳು ಬಂದಳು. ಕರವಸ್ತ್ರ ಬಿಚ್ಚಿ ಸೋಪಿನ ತುಂಡೊಂದನ್ನು ಮುಂದಿಟ್ಟಳು. "ಅಣ್ಣಾ, ಇದಕ್ಕೊಂದು ಕೀ ಬೇಕಿತ್ತು. ಚೆನ್ನಾಗಿ ಮಾಡೋರು ಯಾರು ಅಂತ ಕೇಳಿದ್ರೆ ಎಲ್ಲರೂ ನಿಮ್ಮನ್ನೇ ತೋರಿಸಿದ್ರು."

ಓಡಿಸಬೇಕೆಂದು ಬಾಯಿ ತೆರೆದವನು ಹಾಗೇ ನಿಂತ. ಹಸಿರು ಸೋಪು, ನಿಂಬೆಯ ವಾಸನೆ, ಬೆಳಿಗ್ಗೆ ತಾನೇ ಮೈಗೆ ಹಚ್ಚಿಕೊಂಡದ್ದು. ಮನೆಯ ಸೋಪು ಸೋಮವಾರ ಬೆಳಿಗ್ಗೆ ಅರ್ಧವಾಗಿದ್ದಕ್ಕೆ, ಜಾರಿ ಬಿದ್ದು ಮುರಿಯಿತು ಎಂದಿದ್ದಳು ಹೆಂಡತಿ. ಅಚ್ಚಿನಲ್ಲಿದ್ದ ಐದು ಹಲ್ಲುಗಳನ್ನು ಕಣ್ಣು ಮುಚ್ಚಿಕೊಂಡೂ ಅವನು ಗುರುತಿಸಬಲ್ಲ. ಅದು ಅವನ ಅಂಗಡಿಯ ಕೀ.

"ಬೀಗ ಯಾರದು?"

"ನನ್ನ ಜೊತೆ ಕೆಲಸ ಮಾಡೋರದ್ದು. ಮಾಡಿಸ್ಕೊಂಡು ಬಾ ಅಂದ್ರು, ಬಂದೆ. ಮಿಕ್ಕಿದ್ದು ನನಗೆ ಗೊತ್ತಿಲ್ಲಣ್ಣ."

ಭಾಮೈದನ ಕಡೆಯವಳು ಎಂದು ಅವನು ಆಗಲೇ ತೀರ್ಮಾನಿಸಿಬಿಟ್ಟ. ಭಾನುವಾರ ತಾನು ಮಲಗಿದ್ದಾಗ ಅಚ್ಚು ತೆಗೆದಿದ್ದಾನೆ, ಅಕ್ಕನಿಗೂ ಗೊತ್ತಿರಬೇಕು. ಆದರೂ ಮುಖದ ಮೇಲೆ ಏನನ್ನೂ ತೋರಿಸದೆ, "ಸಂಜೆ ಬಾಮ್ಮ," ಎಂದ.

ಅವಳು ಹೋದಮೇಲೆ ಸೊಂಟದ ಕೀಯನ್ನೇ ಮಾದರಿಯಾಗಿಟ್ಟುಕೊಂಡು ಹೊಸದನ್ನು ಮಾಡಿದ. ನಾಲ್ಕು ಹಲ್ಲು ಅಚ್ಚುಕಟ್ಟಾಗಿ ಬಂದವು. ಮೂರನೆಯದನ್ನು ಮಾತ್ರ ಬೇಕೆಂದೇ ಕೂದಲೆಳೆಯಷ್ಟು ಎತ್ತರ ಬಿಟ್ಟ. ಬೀಗದೊಳಗೆ ಹೋಗುತ್ತದೆ, ತಿರುಗುವುದಿಲ್ಲ. ಕಳ್ಳ ಬೀದಿಯವರ ಮುಂದೆ ಒದ್ದಾಡಲಿ. ಜೀವಮಾನದಲ್ಲಿ ಅವನು ಕೈಯಾರೆ ಕೆಡಿಸಿದ ಕೀ ಅದೊಂದೇ.

ಗುರುವಾರ ಬೆಳಿಗ್ಗೆ ಎದ್ದರೆ ಮೈ ಕೆಂಡ. ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟು ಕುಸಿದು ಕೂತ. ಹೆಂಡತಿ ಹಣೆ ಮುಟ್ಟಿ ನೋಡಿದಳು.

"ರೀ, ಆ ಮೇಡಂ ಬರೋ ದಿನ ಇವತ್ತು. ಕೀ ಕೊಡಿ, ನಾನು ಹೋಗಿ ತೆಗೀತೀನಿ."

"ನೀನಾ?" ಎಂದು ಅವನು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡ. "ನಿನ್ನ ತಮ್ಮನೂ ಬರ್ತಾನಾ ಜೊತೆಗೆ? ಹತ್ತಕ್ಕೆ ನಾನೇ ಎದ್ದು ಹೋಗ್ತೀನಿ."

ತಮ್ಮನ ಮಾತು ಯಾಕೆ ಬಂತೋ ಅವಳಿಗೆ ಅರ್ಥವಾಗಲಿಲ್ಲ. ಒಂದು ಕ್ಷಣ ಅವನನ್ನೇ ನೋಡಿ ಹೊರಗೆ ನಡೆದಳು. ಅವನು ಎದ್ದೇನು ಎಂದುಕೊಳ್ಳುತ್ತಲೇ ಜ್ವರದ ನಿದ್ದೆಗೆ ಜಾರಿದ.

ಕಣ್ಣು ಬಿಟ್ಟಾಗ ಹನ್ನೊಂದೂವರೆ. ಹೆಂಡತಿ ಮಂಚದ ಪಕ್ಕ ಕೂತಿದ್ದಳು. ಬೆರಳಿನ ತುದಿಗಳು ಕೆಂಪಾಗಿ ಸಿಪ್ಪೆ ಎದ್ದಿದ್ದವು. ಹೊಸ ಕೀಯೊಂದನ್ನು ದಿಂಬಿನ ಮೇಲಿಟ್ಟಳು.

"ಬೈಯೋದಾದ್ರೆ ಆಮೇಲೆ ಬೈರಿ. ನೀವು ಕೊಡಲ್ಲ ಅಂತ ಗೊತ್ತಿತ್ತು. ಭಾನುವಾರ ನೀವು ಮಲಗಿದ್ದಾಗ ನಾನೇ ಸೋಪಿಗೆ ಒತ್ತಿಕೊಂಡೆ. ಸೋಪು ಕಂಡ್ರೆ ನೀವು ಓಡಿಸ್ತೀರಿ, ಅದಕ್ಕೆ ಯಾರಾದ್ರೂ ಚೆನ್ನಾಗಿ ಮಾಡೋರ ಹತ್ರ ಮಾಡಿಸು ಅಂತ ಜೊತೆ ಕೆಲಸ ಮಾಡೋ ಗೆಳತಿಗೆ ಹೇಳಿ ಕಳಿಸಿದ್ದೆ. ಯಾವನೋ ಕೆಲಸ ಬಾರದವನ ಹತ್ರ ಹೋಗಿದ್ದಾಳೆ. ಅರ್ಧ ಗಂಟೆ ತಿರುಗಿಸಿದೆ ರೀ, ಆ ಮೇಡಂ ಎದುರಿಗೇ. 'ಬೀಗದವರ ಬಾಗಿಲೇ ತೆಗಿಯೋಕಾಗ್ತಿಲ್ವಲ್ಲಮ್ಮ' ಅಂತ ಹೇಳಿ ಹೊರಟುಹೋದ್ರು. ಬೇರೆಯವರನ್ನ ನೋಡ್ಕೋತಾರಂತೆ."

ಅವಳು ಕೀಯನ್ನು ಅವನ ಕಡೆ ತಳ್ಳಿದಳು. "ನೀವೇ ಮಾಡಿದ್ದಿದ್ರೆ ತಿರುಗ್ತಿತ್ತು."

ಅವನು ಕೀಯನ್ನು ಎತ್ತಿಕೊಂಡ. ಮೂರನೇ ಹಲ್ಲನ್ನು ಹೆಬ್ಬೆರಳಿನಿಂದ ಸವರಿದ. ನಾಚಿಕೆಯಿಂದ ಜ್ವರವೂ ಮರೆತುಹೋಯಿತು. ಸುಮ್ಮನಿದ್ದುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಾನೇ ಮಾಡಿದ್ದು," ಎಂದ. "ತಿರುಗಬಾರದು ಅಂತಲೇ ಮಾಡಿದ್ದು. ನಿನ್ನ ತಮ್ಮನ ಕೆಲಸ ಅಂದುಕೊಂಡೆ. ನೀನೂ ಸೇರಿದೀಯ ಅಂದುಕೊಂಡೆ."

ಅವಳು ತನ್ನ ಬೆರಳುಗಳನ್ನು ನೋಡಿಕೊಂಡು ಕೂತಳು. ಅವನೂ ಅದೇ ಬೆರಳುಗಳನ್ನು ನೋಡುತ್ತಿದ್ದ. ಅವು ಅಲ್ಲಾಡುತ್ತಿರಲಿಲ್ಲ.

"ಇದನ್ನ ಸರಿ ಮಾಡೋಕಾಗುತ್ತಾ?" ಎಂದು ಕೊನೆಗೆ ಕೇಳಿದಳು.

"ಒಂದು ಹಲ್ಲು ಉಜ್ಜಿದ್ರೆ ಸಾಕು. ಆದರೆ ಅರ ಅಂಗಡಿಯಲ್ಲಿದೆ."

ಆಮೇಲೆ ಅವನು ಸೊಂಟದ ದಾರಕ್ಕೆ ಕೈ ಹಾಕಿದ. ಇಪ್ಪತ್ತೆರಡು ವರ್ಷದ ಗಂಟು, ಸುಲಭಕ್ಕೆ ಬಿಚ್ಚಿಕೊಳ್ಳಲಿಲ್ಲ. ಅವಳೇ ಬಗ್ಗಿ ಹಲ್ಲಿನಿಂದ ಬಿಡಿಸಬೇಕಾಯಿತು. ಕೀ ಅಂಗೈಗೆ ಬಿದ್ದಮೇಲೂ ಅವಳು ಕದಲಲಿಲ್ಲ.

"ಅರ ಎಲ್ಲಿದೆ?"

"ಎಡಗಡೆ ಡ್ರಾಯರ್‌ನಲ್ಲಿ, ಸಣ್ಣದು." ಅವನು ಗೋಡೆಯ ಕಡೆ ತಿರುಗಿದ. ಮತ್ತೆ ಈಚೆಗೆ ಹೊರಳಿ ದಾರದಿಂದ ಇನ್ನೊಂದು ಪುಟ್ಟ ಕೀ ತೆಗೆದು ಚಾಚಿದ. "ಡ್ರಾಯರ್‌ಗೂ ಬೀಗ ಹಾಕಿದೀನಿ. ಇದೂ ಒಂದೇ ಇರೋದು. ಬರ್ತಾ ಹಲ್ಲು ಕೊರೆಯದ ಖಾಲಿ ಕೀನೂ ಒಂದು ತಗೊಂಡು ಬಾ, ಇದಕ್ಕೂ ಎರಡನೇದು ಮಾಡ್ತೀನಿ."