ಬಸ್ಸು ನಿಂತ ಮೇಲೆ

ಮೆಟ್ಟೂರಿಗೂ ತೊಪ್ಪೂರಿಗೂ ನಡುವಿನ ಆ ನೂಲಿನ ಗಿರಣಿಗೆ ನಾನು ಸೇರಿದಾಗ ನಮ್ಮ ಕೋಣೆಯ ಬಾಗಿಲ ಮೇಲೆ ‘ಪರ್ಸನೆಲ್ ಆಫೀಸ್’ ಎಂದು ಬರೆದಿತ್ತು. ಯಜಮಾನರ ಮಗ ಅಧಿಕಾರಕ್ಕೆ ಬಂದ ಮೇಲೆ ಅದನ್ನು ಕಿತ್ತು ‘ಎಚ್.ಆರ್.’ ಎಂದು ಹಾಕಿದರು. ಕೆಲಸ ಮಾತ್ರ ಅದೇ. ಆಳು ಹುಡುಕುವುದು, ಹಾಜರಿ, ರಜೆ, ಜಗಳ ಬಿಡಿಸುವುದು. ನಾನು ಸೇಲಂನ ಕೈಮಗ್ಗದ ಮನೆಯವಳು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ, ನನ್ನಷ್ಟಕ್ಕೆ. ಆದರೂ ಆ ಕೆಲಸ ನನಗೆ ಸಿಕ್ಕಿದ್ದು ಕನ್ನಡದಿಂದಲೇ. ಗಿರಣಿಗೆ ಬರುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರು ಧರ್ಮಪುರಿ ಕಡೆಯ ಒಣ ಊರುಗಳವರು, ಕುರಿ ಸಾಕಿ, ಮಳೆಯಾದರೆ ರಾಗಿ, ಹುರುಳಿ ಬಿತ್ತುವ ಕನ್ನಡದ ಮನೆಗಳವರು.

ಅವರಲ್ಲೊಬ್ಬಳು ಅಕ್ಕ. ಹೆಸರು ಹೇಳುವುದಿಲ್ಲ, ಗಿರಣಿಯಲ್ಲೂ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವಳು ಅಕ್ಕ. ನೂಲನ್ನು ಸಣ್ಣ ಉರುಳೆಯಿಂದ ದೊಡ್ಡ ಕೋನಿಗೆ ಸುತ್ತುವ ವಿಭಾಗದಲ್ಲಿ ಅವಳ ಕೆಲಸ, ಎಳೆ ಹರಿದಲ್ಲಿ ಗಂಟು ಹಾಕುವುದು. ನನ್ನ ಪೇಟೆ ಕನ್ನಡ ಕೇಳಿ ಮೊದಲ ದಿನವೇ ಬಿದ್ದು ಬಿದ್ದು ನಕ್ಕಳು. “ಇದೇನಮ್ಮಿ, ಕನ್ನಡಕ್ ಇಸ್ತ್ರಿ ಮಾಡ್ಕೊಂಡ್ ಬಂದಿದ್ದೀಯಾ?” ಅಂದಳು. ಅವತ್ತಿನಿಂದ ನಾನು ಅವಳಿಗೆ ಅಮ್ಮಿ.

ಆಗ ಗಿರಣಿಗೆ ಆಳು ಸಾಲುತ್ತಿರಲಿಲ್ಲ. ಭಾನುವಾರಗಳಲ್ಲಿ ಅಕ್ಕನೂ ನಾನೂ ಊರೂರು ಸುತ್ತಿ ಹುಡುಗಿಯರನ್ನು ಕಳಿಸಿಕೊಡಿ ಎಂದು ಕೇಳುತ್ತಿದ್ದೆವು. ನಾನು ಪಿ.ಎಫ್., ಆಸ್ಪತ್ರೆ ಸೌಲಭ್ಯ ಅಂತೆಲ್ಲ ಹೇಳುವಾಗ ಅಪ್ಪಂದಿರು ಎತ್ತಲೋ ನೋಡುತ್ತ ಕೂತಿರುತ್ತಿದ್ದರು. ಕೊನೆಗೆ ಅಕ್ಕ ಬಾಯಿ ತೆಗೆಯುತ್ತಿದ್ದಳು. “ಅಣ್ಣಾ, ಕಂಪನಿ ಬಸ್ಸೈತೆ. ನಾನೂ ಅದ್ರಲ್ಲೇ ಬತ್ತೀನಿ. ಕತ್ಲಾಗೋಕ್ ಮುಂಚೆ ನಿನ್ ಮಗ್ಳುನ್ನ ನಿನ್ ಬಾಗ್ಲಲ್ ತಂದ್ ಬುಡ್ತೀನಿ. ಸಾಕಾ?” ಅಷ್ಟಕ್ಕೆ ಒಪ್ಪಿಗೆ ಸಿಗುತ್ತಿತ್ತು. ಅವಳು ಮಾತಿಗೆ ತಪ್ಪಲೂ ಇಲ್ಲ. ಒಂದು ಹುಡುಗಿ ಹತ್ತುವುದು ತಡವಾದರೂ ಡ್ರೈವರ್ ಮುಂದೆ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿಬಿಡುತ್ತಿದ್ದಳು.

ಆಮೇಲೆ ಹೊಸ ಯಂತ್ರಗಳು ಬಂದವು. ಎಳೆ ಹರಿದರೆ ತಾವೇ ಗಂಟು ಹಾಕುವ ಯಂತ್ರಗಳು. ಅವುಗಳ ಹಿಂದೆಯೇ ಉತ್ತರ ಭಾರತದ ಹುಡುಗರು ಬಂದರು. ಗಿರಣಿಯ ಅಂಗಳದಲ್ಲೇ ಅವರಿಗೆ ಸಾಲು ಕೋಣೆ ಕಟ್ಟಿಸಿದರು. ಕರೆದ ಹೊತ್ತಿಗೆ ಬರುತ್ತಾರೆ, ಹಬ್ಬವಿಲ್ಲ, ನೆಂಟರಿಲ್ಲ, ಕುರಿಗೆ ಕಾಯಿಲೆ ಅಂತ ರಜೆ ಕೇಳುವುದಿಲ್ಲ. ಅವರ ಮುಖ ನೋಡಿದರೆ ಅವರ ಮೇಲೂ ಸಿಟ್ಟು ಬರುತ್ತಿರಲಿಲ್ಲ, ಪಾಪ.

ಒಂದು ದಿನ ಹೊಸ ಮ್ಯಾನೇಜರು ನನ್ನನ್ನು ಕರೆದರು. ತಮಿಳಿನಲ್ಲಿ, ತುಂಬ ಮೆತ್ತಗೆ ಮಾತಾಡುವ ಮನುಷ್ಯ. “ಆ ಕಡೆಯ ಬಸ್ಸು ಹಳತಾಗಿದೆಯಮ್ಮ. ಒಂದು ತಿಂಗಳು ನಿಲ್ಲಿಸೋಣ. ಆಮೇಲೆ ವ್ಯಾನು ಕೊಡೋಣ. ಅಲ್ಲೀತನಕ ಟೌನ್ ಬಸ್ಸಿನಲ್ಲಿ ಬರಲಿ. ನೀವೇ ಹೇಳಿಬಿಡಿ, ನಿಮ್ಮ ಭಾಷೆಯಲ್ಲಿ. ನೀವು ಹೇಳಿದರೆ ಕೇಳುತ್ತಾರೆ” ಅಂದರು.

ಅಂದು ಸಂಜೆ ನಾನೂ ಅವರ ಜೊತೆ ಬಸ್ಸು ಹತ್ತಿದೆ. ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ಬಸ್ಸು ಏದುಸಿರು ಬಿಡುತ್ತ ಏರುವಾಗ ಎದ್ದು ನಿಂತು ವಿಷಯ ಹೇಳಿದೆ. ಹಿಂದಿನ ಸೀಟಿನಿಂದ ಒಬ್ಬ ಹುಡುಗಿ, “ವ್ಯಾನ್ ನಿಜ್ವಾಗ್ಲೂ ಬತ್ತದಾ ಮೇಡಂ?” ಎಂದು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಅಕ್ಕ ತಿರುಗಿ ಗದರಿದಳು. “ನಮ್ಮವ್ಳು ಏಳ್ತಾವ್ಳಲ್ಲ! ಅವ್ಳು ಸುಳ್ ಏಳಾಕಿಲ್ಲ, ಸುಮ್ಕಿರು.”

ನಾನೂ ವ್ಯಾನು ಬರುತ್ತದೆಂದೇ ನಂಬಿದ್ದೆ.

ಟೌನ್ ಬಸ್ಸಿಗೆ ಹೆದ್ದಾರಿಯವರೆಗೆ ನಡೆಯಬೇಕು, ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ತಡವಾಗಿ ಬಂದವರಿಗೆ ಗೇಟು ತೆಗೆಯಬಾರದೆಂದು ಅದೇ ಹೊತ್ತಿಗೆ ಹೊಸ ರೂಲ್ಸು. ಕತ್ತಲಾದ ಮೇಲೆ ಮನೆ ಮುಟ್ಟುವ ಹುಡುಗಿಯರನ್ನು ಅಪ್ಪಂದಿರು ಮರುದಿನ ಕಳಿಸಲಿಲ್ಲ. ಒಬ್ಬೊಬ್ಬರಾಗಿ ಉದುರಿಹೋದರು. ಯಾರನ್ನೂ ಗಿರಣಿ ಕೆಲಸದಿಂದ ತೆಗೆಯಲಿಲ್ಲ. ತಾವಾಗಿಯೇ ಬಿಟ್ಟರು ಎಂದಾಯಿತು. ತಿಂಗಳು ಕಳೆದ ಮೇಲೆ ನಾನು ಮ್ಯಾನೇಜರ ಬಳಿ ಹೋಗಿ ವ್ಯಾನು ಯಾವಾಗ ಎಂದು ಕೇಳಿದೆ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಯಾವ ವ್ಯಾನು?” ಅಂದರು.

ಎಲ್ಲರಿಗಿಂತ ಹೆಚ್ಚು ದಿನ ಬಂದವಳು ಅಕ್ಕ. ಒಂದು ಬೆಳಿಗ್ಗೆ ಗೇಟಿನ ಹೊರಗೆ ಅವಳು ನಿಂತದ್ದು ಕಿಟಕಿಯಿಂದ ಕಂಡಿತು. ಓಡಿಹೋಗಿ, “ಬಾ ಅಕ್ಕ, ನಾನು ಹೇಳಿ ಒಳಗೆ ಬಿಡಿಸ್ತೀನಿ” ಅಂದೆ.

“ಒಬ್ಳೇ ಬಂದ್ ಏನ್ಮಾಡ್ಲಮ್ಮಿ?” ಅಂದಳು. “ಯಾರೂ ಇಲ್ವಲ್ಲ.” ಸೆರಗು ತಲೆ ಮೇಲೆ ಎಳೆದುಕೊಂಡು ಬಂದ ದಾರಿಯಲ್ಲೇ ಹೊರಟುಹೋದಳು.

ಕೆಲವು ದಿನಗಳಲ್ಲಿ ಸುದ್ದಿ ಬಂತು. ಊರಿನಲ್ಲಿ ಜನ ಅಕ್ಕನ ಮೇಲೆ ತಿರುಗಿಬಿದ್ದಿದ್ದರಂತೆ. ಹುಡುಗಿಯರ ದುಡಿಮೆ ನಂಬಿ ಕೆಲವರು ಮಂದೆಯನ್ನೇ ಮಾರಿಬಿಟ್ಟಿದ್ದರು. ‘ಕಂಪನಿಯಿಂದ ಕಮಿಷನ್ ತಿಂದು ನಮ್ಮ ಮಕ್ಕಳನ್ನು ಕರೆದೊಯ್ದಳು, ಈಗ ಕೈ ಬಿಟ್ಟಳು’ ಎಂದು ಮನೆ ಮುಂದೆ ಬಂದು ಬೈದರಂತೆ. ಆ ಭಾನುವಾರವೇ ಅವಳ ಊರಿಗೆ ಹೋದೆ.

ಅಕ್ಕ ಜಗಲಿಯಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟು ಎದ್ದು ನಿಂತಳು.

“ವಾಂಗ ಮೇಡಂ. ಉಕ್ಕಾರುಂಗ.”

ಬನ್ನಿ, ಕೂತುಕೊಳ್ಳಿ ಎಂದು ತಮಿಳಿನಲ್ಲಿ ಹೇಳಿದ್ದಳು, ಹೊರಗಿನವರಿಗೆ ಹೇಳುವ ಮರ್ಯಾದೆಯಲ್ಲಿ. ತಮಾಷೆ ಮಾಡುತ್ತಿದ್ದಾಳೆಂದುಕೊಂಡು ಅವಳ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಚೊಂಬಿನಲ್ಲಿ ನೀರು ತಂದುಕೊಟ್ಟಳು. ನಾನು ಕನ್ನಡದಲ್ಲಿ ಮಾತಾಡುತ್ತಲೇ ಹೋದೆ. ನನಗೂ ಗೊತ್ತಿರಲಿಲ್ಲ ಅಕ್ಕ, ನನಗೂ ಸುಳ್ಳು ಹೇಳಿದರು ಅಂದೆ. ಅವಳು ಎಲ್ಲಕ್ಕೂ “ಸರಿಂಗ ಮೇಡಂ” ಎನ್ನುತ್ತಿದ್ದಳು.

“ನಾನೇ ಪ್ರತಿ ಮನೆಗೂ ಹೋಗಿ ಹೇಳ್ತೀನಿ. ಇದರಲ್ಲಿ ನಿನ್ನದೇನೂ ಇಲ್ಲ ಅಂತ” ಅಂದೆ.

“ವೇಣಾಂಗ” ಅಂದಳು. ಬೇಡ. ಮತ್ತೆ ತಮಿಳಿನಲ್ಲೇ ಹೇಳಿದಳು, “ನೀಂಗ ಸೊನ್ನಾ ನಂಬುವಾಂಗ ಮೇಡಂ. ಅದಾಂಗ ಬಯಮಾ ಇರುಕ್ಕು.” ನೀವು ಹೇಳಿದರೆ ನಂಬುತ್ತಾರೆ. ಅದಕ್ಕೇ ಭಯವಾಗುತ್ತದೆ.

ನನಗೆ ಅಲ್ಲಿ ಇನ್ನು ಕೂರಲಾಗಲಿಲ್ಲ.

ಅವಳ ಗಂಡ ಹೆದ್ದಾರಿವರೆಗೆ ನನ್ನ ಜೊತೆ ಬಂದ. ಮಾತು ಕಡಿಮೆಯ ಮನುಷ್ಯ, ಹೆಗಲ ಮೇಲೆ ಕೋಲು. ಅರ್ಧ ದಾರಿ ನಡೆದ ಮೇಲೆ, “ನೀನ್ ಮನ್ಸಿಗ್ ಅಚ್ಕೋಬ್ಯಾಡ ಕಣವ್ವ” ಅಂದ. “ಈಗ್ಲೂ ಕೋಳಿ ಕೂಗೋಕ್ ಮುಂಚೆ ಎದ್ದು ಅಡ್ಗೆ ಮಾಡಿ ಡಬ್ಬಿ ಕಟ್ತಾಳೆ. ಕಟ್ಬುಟ್ಟು ಬಾಗ್ಲಲ್ ಕುಂತ್ಕತಾಳೆ. ಬಿಸ್ಲೇರೋಗಂಟ ಏಳಾಕಿಲ್ಲ.”

“ಆ ಡಬ್ಬಿ ಏನು ಮಾಡ್ತೀರಿ?”

“ನಾನೇ ಕುರಿ ತಾವಕ್ ತಕೊಂಡೋಯ್ತೀನಿ. ಏನೂ ಕೇಳಾಕಿಲ್ಲ. ಕೇಳುದ್ರೆ ಅಳ್ತಾಳೆ.”

ಬಸ್ಸು ಬಂತು. ಅವನು ಕೈಯೆತ್ತಿ ನಿಲ್ಲಿಸಿ ನನ್ನನ್ನು ಹತ್ತಿಸಿದ.

ಆ ವರ್ಷವೇ ನಾನು ಗಿರಣಿ ಬಿಟ್ಟೆ. ಈಗ ಸೇಲಂನ ಒಂದು ಆಸ್ಪತ್ರೆಯಲ್ಲಿ ನರ್ಸುಗಳ ಶಿಫ್ಟು, ರಜೆ ನೋಡಿಕೊಳ್ಳುತ್ತೇನೆ. ಮೇಲಿನವರು ಏನಾದರೂ ತಿಳಿಸಲು ಹೇಳಿದರೆ, ಅದನ್ನು ಬರೆದುಕೊಡಿ, ನಿಮ್ಮ ಸಹಿ ಹಾಕಿ ಕೊಡಿ ಎಂದು ಕೇಳುತ್ತೇನೆ. ನನ್ನನ್ನು ಮೊಂಡಿ ಅನ್ನುತ್ತಾರೆ.

ಹೋದ ದೀಪಾವಳಿಗೆ ಅಕ್ಕನ ಗಂಡನಿಗೆ ಫೋನು ಮಾಡಿದೆ. ಅವನಿಗೆ ಖುಷಿಯಾಯಿತು. ಅವಳೂ ಈಗ ಕುರಿಗಳ ಜೊತೆ ಬರುತ್ತಾಳೆ, ಮೈಗೆ ಪರವಾಗಿಲ್ಲ ಎಂದ. “ಇಲ್ಲೇ ಅವ್ಳೆ, ತಡಿ ಕೊಡ್ತೀನಿ” ಎಂದು ಕೂಗಿ ಕರೆದ. ನಾನು ಫೋನನ್ನು ಕಿವಿಗೊತ್ತಿ ಹಿಡಿದು ಕಾದೆ. ಕುರಿಗಳ ಸದ್ದು, ಗಾಳಿ, ಏನೋ ಗೊಣಗಿದಂತೆ ಒಂದು ದನಿ ಕೇಳಿಸಿತು. ಆಮೇಲೆ ಅವನೇ ಮತ್ತೆ ಬಂದ.

“ಕುರಿ ಒಡ್ಕೊಂಡ್ ಮುಂದಕ್ ಒಂಟೋದ್ಳು ಕಣವ್ವ” ಎಂದ.